ಹುಬ್ಬಳ್ಳಿಯಿಂದ ಕನ್ಯಾಕುಮಾರಿಗೆ: ಅತ್ತಿಯವರ ತೊಂಬತ್ತು ನಿಮಿಷ

ರಾಮೇಶ್ವರಕ್ಕೆ ಹೋಗಬೇಕೆಂಬುದು ನಮ್ಮ ಅತ್ತಿಯವರ ಬಹಳ ವರ್ಷಗಳ ಆಸೆ. 2023ರ ಡಿಸೆಂಬರ್‌ನಲ್ಲೇ ಕಾರು ತೆಗೆದುಕೊಂಡು ಹೊರಡಲು ಎಲ್ಲ ಸಿದ್ಧವಾಗಿತ್ತು. ಆ ತಿಂಗಳ 17, 18ಕ್ಕೆ ತೂತ್ತುಕುಡಿ, ತಿರುನೆಲ್ವೇಲಿ ಕಡೆ ಎಂಥ ಮಳೆ ಹೊಡೆಯಿತೆಂದರೆ, ಕಾಯಲ್‌ಪಟ್ಟಿಣಂ ಎಂಬ ಊರಲ್ಲಿ ಒಂದೇ ದಿನಕ್ಕೆ ಸುಮಾರು 95 ಸೆಂ.ಮೀ. ಬಿತ್ತು. ಕಟ್ಟಿದ ಚೀಲ ಬಿಚ್ಚಿಟ್ಟೆವು. ನಮ್ಮ ಕಡೆ ಚಳಿಗಾಲವೆಂದರೆ ಒಣ ಹವೆ, ಜೋಳದ ಹೊಲ, ಸೀತನಿ. ತಮಿಳುನಾಡಿಗೆ ಮಾತ್ರ ಅಕ್ಟೋಬರ್‌ನಿಂದ ಡಿಸೆಂಬರ್‌ವರೆಗಿನ ಹಿಂಗಾರೇ ದೊಡ್ಡ ಮಳೆಗಾಲ. ಶಾಲೆಯಲ್ಲಿ ಓದಿದ್ದ ಈ ಮಾತು ದಿನ ಗೊತ್ತುಮಾಡುವಾಗ ನನ್ನ ತಲೆಗೆ ಬಂದಿರಲೇ ಇಲ್ಲ.

ಎರಡನೇ ಸಲ ಕ್ಯಾಲೆಂಡರ್ ಮುಂದಿಟ್ಟುಕೊಂಡು ಕೂತೆ. 2025ರ ಜನವರಿ 14ಕ್ಕೆ ಪೊಂಗಲ್, ಅದೇ ದಿನ ಶಬರಿಮಲೆಯ ಮಕರಜ್ಯೋತಿ. ಆ ವಾರವೆಲ್ಲ ರಸ್ತೆ ತುಂಬ ಜನ. 29ಕ್ಕೆ ಅಮಾವಾಸ್ಯೆ. ನಾವು ಅವರಾತ್ರಿ ಅಮಾವಾಸ್ಯೆ ಅನ್ನುವುದೇ ತಮಿಳರಿಗೆ ತೈ ಅಮಾವಾಸ್ಯೆ, ಪಿತೃಗಳಿಗೆ ತರ್ಪಣ ಕೊಡಲು ರಾಮೇಶ್ವರಕ್ಕೆ ಜನಸಾಗರ ಬರುತ್ತದೆ. ಎರಡರ ನಡುವೆ ಸಿಕ್ಕಿದ್ದು 18ರ ಶನಿವಾರದಿಂದ 26ರ ಭಾನುವಾರದವರೆಗಿನ ಒಂಬತ್ತು ದಿನ. ಮಕ್ಕಳಿಗೆ ಐದು ದಿನ ರಜೆ ಕೇಳಿ ಪಡೆದೆವು. ರೈಲಿನ ಮಾತು ಬರಲಿಲ್ಲ. ರಾಮೇಶ್ವರದ ದ್ವೀಪಕ್ಕೆ ರೈಲು ದಾಟಿಸುವ ಪಾಂಬನ್‌ನ ಹಳೆಯ ಸೇತುವೆಯ ಮೇಲೆ 2022ರ ಡಿಸೆಂಬರ್‌ನಿಂದಲೇ ರೈಲು ನಿಂತಿತ್ತು, ಹೊಸದು ಇನ್ನೂ ಶುರುವಾಗಿರಲಿಲ್ಲ.

ಮೊದಲು ನಾನು ಮಾಡಿದ್ದು ಬರೀ ಕಿಲೋಮೀಟರ್ ಲೆಕ್ಕ. ಹುಬ್ಬಳ್ಳಿ-ಬೆಂಗಳೂರು 410, ಬೆಂಗಳೂರು-ಮದುರೈ 435. "ಬೆಂಗಳೂರಿಂದ ಮದುರೈ ಎಂಟು ತಾಸಿನ್ಯಾಗ ಮುಟ್ಟತೀವಿ" ಅಂದರು ನಮ್ಮ ಮನೆಯವರು. ಅತ್ತಿಯವರು ಪಕ್ಕದಲ್ಲೇ ಶೇಂಗಾ ಸುಲಿಯುತ್ತ ಕೂತಿದ್ದರು. "ಎಷ್ಟ ದೂರ ಐತಿ ಅಂತ ನಾ ಕೇಳೂದಿಲ್ಲವಾ. ಯಾವಾಗ ಇಳಿಬೇಕು, ಅಷ್ಟ ಹೇಳು" ಅಂದರು. ಅವರಿಗೆ ಎಪ್ಪತ್ತೊಂದು, ಎರಡೂ ಮೊಣಕಾಲು ಸವೆದಿವೆ.

ಮರುವಾರ ಅವರನ್ನು ಕೂರಿಸಿಕೊಂಡು ಬೆಳಗಾವಿಗೆ ಹೋಗಿಬಂದೆವು, ನೋಡುವುದಕ್ಕೆಂದೇ. ಒಂದೂವರೆ ತಾಸಿಗೆ ಸರಿಯಾಗಿ ಅವರು ಕಾಲು ಚಾಚಲು ಜಾಗ ಹುಡುಕತೊಡಗಿದರು. ಇಳಿದಾಗ ಬಾಗಿಲು ಹಿಡಿದುಕೊಂಡು ಎರಡು ನಿಮಿಷ ನಿಂತೇ ಇದ್ದರು, ಹೆಜ್ಜೆ ಏಳಲಿಲ್ಲ. ಮನೆಗೆ ಬಂದು ಹಳೆಯ ಹಾಳೆ ಹರಿದೆ. ತೊಂಬತ್ತು ನಿಮಿಷಕ್ಕೊಂದು ನಿಲುಗಡೆ, ಪ್ರತಿ ನಿಲುಗಡೆಗೆ ಇಪ್ಪತ್ತು ನಿಮಿಷ. ಹೀಗೆ ಕೂಡಿಸಿದರೆ ಬೆಂಗಳೂರಿನಿಂದ ಮದುರೈಗೆ ಹತ್ತು ತಾಸು.

ಪಟ್ಟಿಯ ಇನ್ನೊಂದು ಕೊಂಡಿ ಗುಡಿಯ ಬಾಗಿಲು. ಮದುರೈ ಮೀನಾಕ್ಷಿಯ ಗುಡಿ ಮಧ್ಯಾಹ್ನ ಹನ್ನೆರಡೂವರೆಗೆ ಮುಚ್ಚಿದರೆ ತೆರೆಯುವುದು ನಾಲ್ಕಕ್ಕೆ. ರಾಮೇಶ್ವರ, ಕನ್ಯಾಕುಮಾರಿಯಲ್ಲೂ ಮಧ್ಯಾಹ್ನ ದರ್ಶನವಿಲ್ಲ. ಹಾಗಾಗಿ ಆ ಹೊತ್ತನ್ನೇ ಊಟಕ್ಕೆ, ನಿದ್ದೆಗೆ, ದಾರಿಗೆ ಇಟ್ಟುಕೊಂಡೆ. ಬೆಂಗಳೂರಿನ ನಾದಿನಿ ಮನೆಯಿಂದ ಬೆಳಿಗ್ಗೆ ಐದಕ್ಕೆ ಹೊರಟದ್ದು ಇದೇ ಲೆಕ್ಕದಿಂದ. ಆ ಹೊತ್ತಿಗೆ ಹೊಸೂರು ರಸ್ತೆಯೂ ಖಾಲಿ.

ಧರ್ಮಪುರಿ ದಾಟಿ ಸೇಲಂ ಕಡೆಗೆ ಇಳಿಯುವ ತೊಪ್ಪೂರು ಘಾಟಿನ ಬಗ್ಗೆ ಒಂದು ಮಾತು. ನೋಡಲು ಅಗಲವಾದ ಒಳ್ಳೆಯ ರಸ್ತೆ, ಅದೇ ಮೋಸ. ಮೇಲಿಂದ ಬರುವ ಭಾರದ ಲಾರಿಗಳ ಬ್ರೇಕ್ ಕಾದು ಹಿಡಿತ ತಪ್ಪಿ ಅಲ್ಲಿ ಎಷ್ಟೋ ಅಪಘಾತಗಳಾಗಿವೆ. ನಾನು ಮೂರನೇ ಗೇರಿಗೆ ಇಳಿಸಿ, ಲಾರಿಯ ಮುಂದೆ ಸಿಕ್ಕಿಹಾಕಿಕೊಳ್ಳದಂತೆ ಎಡಕ್ಕೇ ನಿಧಾನ ಇಳಿದೆ. ಕಿಟಕಿ ಇಳಿಸಿದ್ದರಿಂದ ಸುಟ್ಟ ಬ್ರೇಕಿನ ವಾಸನೆ ಒಳಗೆ ಬಂತು. ಮಕ್ಕಳು ಕೂಡ ಸುಮ್ಮನಾದರು.

ಮದುರೈಯಲ್ಲಿ ಕೆಟ್ಟದ್ದು ವಸತಿ. ನೆಲಮಹಡಿಯ ಕೋಣೆ ಎಂದು ಫೋನಿನಲ್ಲಿ ಒಪ್ಪಿದ್ದವರು ಎರಡನೇ ಮಹಡಿಯ ಕೀಲಿ ಕೊಟ್ಟರು, ಲಿಫ್ಟ್ ಕೆಟ್ಟಿತ್ತು. ಅತ್ತಿಯವರು ಒಂದೊಂದೇ ಮೆಟ್ಟಿಲಿಗೆ ಎರಡೂ ಕಾಲಿಟ್ಟು ಹತ್ತಿದರು. ಮೇಲೆ ಹೋಗಿ ಮಂಚದ ಮೇಲೆ ಕೂತು ಮಾತಾಡಲಿಲ್ಲ. ಅವತ್ತು ಸಂಜೆಯ ದರ್ಶನ ಬಿಟ್ಟು ಬೆಳಿಗ್ಗೆ ಹೋದೆವು. ಅದೇ ರಾತ್ರಿ ಮುಂದಿನ ಎರಡೂ ಊರುಗಳಿಗೆ ಫೋನ್ ಮಾಡಿ ನೆಲಮಹಡಿಯ ಕೋಣೆ, ಕಮೋಡ್, ಬಾಗಿಲವರೆಗೆ ಕಾರು ಬರುವ ಜಾಗ, ಮೂರರ ಫೋಟೋವನ್ನೂ ವಾಟ್ಸಾಪ್‌ಗೆ ತರಿಸಿಕೊಂಡೆ. ಇದನ್ನು ಹೊರಡುವ ಮೊದಲೇ ಮಾಡಬೇಕಿತ್ತು, ಈಗಲೂ ನನಗೆ ಅದರ ನೋವಿದೆ.

ರಾಮೇಶ್ವರದಲ್ಲಿ ಗುಡಿಯೊಳಗೆ 22 ತೀರ್ಥಗಳು. ಬಾವಿಯ ಕಟ್ಟೆಯ ಮೇಲೆ ನಿಂತವರು ಹಗ್ಗದ ಬಕೆಟ್ ಬಿಟ್ಟು, ಸೇದಿ, ತಲೆಯ ಮೇಲೆ ಸುರಿಯುತ್ತ ಹೋಗುತ್ತಾರೆ. ಕಲ್ಲುಹಾಸು ಇಡೀ ಒದ್ದೆ, ಜಾರುತ್ತದೆ. ಅತ್ತಿಯವರ ಎರಡೂ ತೋಳು ಹಿಡಿದು ನಾವಿಬ್ಬರು ನಡೆದೆವು. ಏಳನೇ ಬಾವಿಗೆ "ಸಾಕನಸ್ತತಿ" ಅಂದವರು, ಎಂಟನೇ ಬಕೆಟ್ ಬಿದ್ದ ಮೇಲೆ ನಕ್ಕು, ಇಪ್ಪತ್ತೆರಡೂ ಮುಗಿಸಿದರು. ಒದ್ದೆ ಬಟ್ಟೆಯಲ್ಲಿ ಗರ್ಭಗುಡಿಯ ದರ್ಶನಕ್ಕೆ ಬಿಡುವುದಿಲ್ಲ. ಒಣ ಸೀರೆಯ ಚೀಲ ಹಿಡಿದುಕೊಂಡು ಒಬ್ಬರು ಒಣಗಿಯೇ ಉಳಿಯಬೇಕು. ನಮ್ಮಲ್ಲಿ ಅದು ಮಗಳ ಪಾಲಿಗೆ ಬಂತು.

ಮಧ್ಯಾಹ್ನ ಧನುಷ್ಕೋಡಿಗೆ. 1964ರ ಡಿಸೆಂಬರ್‌ನ ಚಂಡಮಾರುತ ಅಳಿಸಿಹಾಕಿದ ಊರು ಅದು, ಚರ್ಚಿನ ಗೋಡೆಗಳಂಥ ಕೆಲವು ಅವಶೇಷಗಳಷ್ಟೇ ನಿಂತಿವೆ. ಈಗ ನೆಲದ ತುದಿಯಾದ ಅರಿಚಲ್‌ಮುನೈವರೆಗೆ ಡಾಂಬರು ರಸ್ತೆ ಇದೆ, ಎರಡೂ ಬದಿಗೆ ಸಮುದ್ರ. ಸಂಜೆಗೆ ಮೊದಲೇ ವಾಪಸು ಕಳಿಸುತ್ತಾರೆ.

ಕನ್ಯಾಕುಮಾರಿಗೆ ಕರಾವಳಿ ರಸ್ತೆಯಲ್ಲೇ ಹೋದೆವು, ತಿರುಚೆಂದೂರಿನ ಮುರುಗನ ಗುಡಿ ದಾರಿಯಲ್ಲೇ ಸಿಗುತ್ತದೆಂದು. ಆದರೆ ಈ ದಾರಿಯಲ್ಲಿ ನೆರಳೂ ಶೌಚಾಲಯವೂ ಕಡಿಮೆ, ಪೆಟ್ರೋಲ್ ಬಂಕ್ ಸಿಕ್ಕಲ್ಲೆಲ್ಲ ಇಳಿದೆವು. ವಿವೇಕಾನಂದ ಬಂಡೆಯಿಂದ 133 ಅಡಿಯ ತಿರುವಳ್ಳುವರ್ ಮೂರ್ತಿಗೆ ಗಾಜಿನ ಸೇತುವೆ ತೆರೆದು ಆಗಿನ್ನೂ ತಿಂಗಳು ತುಂಬಿರಲಿಲ್ಲ. ಅಲೆಗೆ ತೂಗುವ ದೋಣಿಗೆ ಹತ್ತಿ ಇಳಿಯುವುದು ಬೇಡವೆಂದು ಅತ್ತಿಯವರು ನನ್ನ ಜೊತೆ ದಂಡೆಯಲ್ಲೇ ಕೂತರು. ಬುತ್ತಿ ಬಿಚ್ಚಿದೆವು. ಮೂವತ್ತು ಖಡಕ್ ರೊಟ್ಟಿ, ಶೇಂಗಾ ಹಿಂಡಿ, ಗುರೆಳ್ಳು ಚಟ್ನಿ ತಂದಿದ್ದೆ. ಸಕ್ಕರೆ ಕಾಯಿಲೆ ಇರುವವರಿಗೆ ದಾರಿಯುದ್ದಕ್ಕೂ ಅನ್ನ, ಇಡ್ಲಿ ಒಗ್ಗುವುದಿಲ್ಲ. ಎಲ್ಲಿ ನಿಂತರೂ ಒಳ್ಳೆಯ ಮೊಸರು ಸಿಕ್ಕಿತು, ಅಷ್ಟು ಸಾಕಾಯಿತು.

ಬರುವಾಗ ನಾಮಕ್ಕಲ್‌ನಲ್ಲಿ ತಂಗಿದೆವು. ನಮ್ಮ ಹೊಲಗಳಲ್ಲಿ ಬೋರ್ ಕೊರೆಯಲು ಬರುವ ಲಾರಿಗಳ ಮೇಲೆ ತಿರುಚೆಂಗೋಡು ಎಂದು ಬರೆದಿರುತ್ತದಲ್ಲ, ಅದು ಅಲ್ಲೇ ಪಕ್ಕದ ಊರು. ಹದಿನೆಂಟು ಅಡಿಯ ಆಂಜನೇಯನಿಗೆ ಕೈಮುಗಿದು ಬೆಂಗಳೂರು ಸೇರಿದೆವು.

ಭಾನುವಾರ ಶಿಗ್ಗಾವಿ ದಾಟಿದಾಗ ಗಡಿಯಾರ ನೋಡಿದೆ. ತೊಂಬತ್ತು ನಿಮಿಷ ಮೀರಿತ್ತು.

"ಇಳಿತೀರೇನ್ರಿ ಅತ್ತಿ?" ಅಂದೆ.

"ಬ್ಯಾಡ ಬಿಡವಾ, ಊರ ಬಂತು" ಅಂದರು.