ಮಿಲಾನ್‌ನಲ್ಲಿ ಇಟಲಿ ಡಿಸೈನ್‌ನ ಚರಿತ್ರೆ ನೋಡಲು: ಹೊಸದಾಗಿ ಬಂದ ಕನ್ನಡಿಗರಿಗೆ

ಟಿಕೆಟ್ ತೆಗೆಯುವ ಮೊದಲು ವಾರ ನೋಡಿಕೊಳ್ಳಿ. ಇಲ್ಲಿನ ಮ್ಯೂಸಿಯಂಗಳಿಗೆಲ್ಲ ಒಂದೇ ದಿನ ರಜೆ ಅಲ್ಲ. ಸ್ಫೋರ್ಜೆಸ್ಕೊ ಕೋಟೆಯ ಮ್ಯೂಸಿಯಂಗಳಿಗೂ ತ್ರಿಯೆನ್ನಾಲೆಗೂ ಸೋಮವಾರ ರಜೆ, ಪೋಲ್ದಿ ಪೆಟ್ಸೋಲಿಗೆ ಮಂಗಳವಾರ, ಇಟಲಿಯ ಕೈಗಾರಿಕಾ ಡಿಸೈನ್ ಸಂಘವಾದ ಎಡಿಐಯ ಡಿಸೈನ್ ಮ್ಯೂಸಿಯಂಗೆ ಶುಕ್ರವಾರ. ಬುಧವಾರವೋ ಗುರುವಾರವೋ ಹೊರಟರೆ ನಾಲ್ಕೂ ಸಿಗುತ್ತವೆ. ಹಬ್ಬದ ವಾರಗಳಲ್ಲಿ ಮಾತ್ರ ಹಿಂದಿನ ದಿನ ಮತ್ತೊಮ್ಮೆ ವಿಚಾರಿಸಿ. ‘ಉಲ್ತಿಮೊ ಇಂಗ್ರೆಸ್ಸೊ’ ಎಂದು ಬರೆದಿರುವುದು ಬಾಗಿಲು ಹಾಕುವ ಹೊತ್ತಲ್ಲ, ಒಳಗೆ ಬಿಡುವ ಕೊನೆಯ ಹೊತ್ತು. ಇದನ್ನು ತಪ್ಪಾಗಿ ಓದಿಕೊಂಡು ಬಾಗಿಲಿನಿಂದ ವಾಪಸಾಗುವವರು ಬಹಳ. ವಿದ್ಯಾರ್ಥಿಗಳು ಕಾಲೇಜಿನ ಕಾರ್ಡ್ ಒಯ್ದು ‘ರಿದೊತ್ತೊ’, ಅಂದರೆ ರಿಯಾಯಿತಿ ಟಿಕೆಟ್, ಕೇಳಿ. ವರ್ಷಕ್ಕೆ ಹಲವು ಸಲ ಹೋಗುವವರಿಗೆ ‘ಅಬ್ಬೊನಾಮೆಂತೊ ಮುಸೇಯಿ’ ಎಂಬ ವಾರ್ಷಿಕ ಕಾರ್ಡ್ ಅಗ್ಗ ಬೀಳುತ್ತದೆ.

ಶುರು ಮಾಡುವುದಾದರೆ ಕೋಟೆಯಿಂದಲೇ ಮಾಡಿ. ಹೊಸಬರು ಮಿಕೆಲಾಂಜೆಲೊನ ರೊಂದಾನೀನಿ ಪಿಯೆತಾ ನೋಡಿ ಹೊರಗೆ ಬಂದುಬಿಡುತ್ತಾರೆ. ಮರದ ಪೀಠೋಪಕರಣಗಳ ವಿಭಾಗ ಮೇಲಿದೆ, ಅದನ್ನು ಬಿಡಬೇಡಿ. ಸ್ಫೋರ್ಜಾ ದೊರೆಗಳ ಕಾಲದಿಂದ ಇಪ್ಪತ್ತನೆಯ ಶತಮಾನದವರೆಗೆ ಕುರ್ಚಿ, ಕಪಾಟು, ಪೆಟ್ಟಿಗೆಗಳು ಒಂದೇ ಸಾಲಿನಲ್ಲಿ ಬರುತ್ತವೆ. ಕೆತ್ತನೆ, ಕೂಡಿಸಿದ ಮರ, ಹಿತ್ತಾಳೆಯ ಅಂಚು ಇವನ್ನು ಇಲ್ಲಿ ಕಣ್ಣಿಗೆ ರೂಢಿ ಮಾಡಿಕೊಂಡರೆ ಮುಂದಿನ ನುಣುಪಾದ ಪ್ಲಾಸ್ಟಿಕ್ಕಿನಲ್ಲೂ ಬಡಗಿಯ ಕೈ ಕಾಣುತ್ತದೆ. ಗಾಜು, ಗಡಿಯಾರ, ಕವಚಗಳಲ್ಲಿ ಆಸಕ್ತಿ ಇದ್ದವರಿಗೆ ಪೋಲ್ದಿ ಪೆಟ್ಸೋಲಿ. ಉಳಿದವರು ಇನ್ನೊಮ್ಮೆ ಹೋದರಾಯಿತು.

ಕೋಟೆಯ ಹಿಂದಿನ ಸೆಂಪಿಯೋನೆ ಪಾರ್ಕಿನ ಅಂಚಿನಲ್ಲೇ ತ್ರಿಯೆನ್ನಾಲೆ. ಇದರ ಬೇರು ಇರುವುದು ಪಕ್ಕದ ಮೋಂಜಾ ಊರಿನಲ್ಲಿ, 1923ರಲ್ಲಿ ಎರಡು ವರ್ಷಕ್ಕೊಮ್ಮೆ ಎಂದು ಶುರುವಾದ ಅಲಂಕಾರ ಕಲೆಗಳ ಪ್ರದರ್ಶನದಲ್ಲಿ. ಅದು ಮೂರು ವರ್ಷಕ್ಕೊಮ್ಮೆಯಾಯಿತು. 1933ರಲ್ಲಿ ಜೊವಾನ್ನಿ ಮುತ್ಸಿಯೊ ಕಟ್ಟಿದ ಈಗಿನ ಕಟ್ಟಡಕ್ಕೆ ಬಂತು. ಇಟಲಿ ಡಿಸೈನ್‌ನ ಕಾಯಂ ಮ್ಯೂಸಿಯಂ ಇಲ್ಲಿ ತೆರೆದದ್ದು 2019ರಲ್ಲಷ್ಟೇ. ವಸ್ತುಗಳನ್ನು ಆಗಾಗ ಬದಲಿಸುತ್ತಾರೆ, ಹಾಗಾಗಿ ಒಂದೇ ಒಂದು ಕುರ್ಚಿಗಾಗಿ ದೂರದಿಂದ ಬರಬೇಡಿ.

ಇನ್ನು ಫಲಕ ಓದುವ ಬಗೆ. ಅರ್ಧ ಚರಿತ್ರೆ ಇರುವುದು ಅದರಲ್ಲೇ. ಡಿಸೈನರ್ ಹೆಸರಿಗೇ ನಿಲ್ಲದೆ ‘ಪ್ರೊದುತ್ತೊರೆ’, ಅಂದರೆ ತಯಾರಕ, ಎಂಬ ಸಾಲನ್ನೂ ಓದಿ. ಜಿಯೊ ಪೊಂತಿಯ 1957ರ ಸೂಪರ್‌ಲೆಜ್ಜೇರಾ ಕುರ್ಚಿಯ ತೂಕ 1.7 ಕಿಲೊ. ಅದರ ಮೂಲ ಕಿಯಾವರಿ ಊರಿನ ಬಡಗಿಗಳ ಹಗುರ ಕುರ್ಚಿ. ತಯಾರಿಸಿದ್ದು ಮರಗೆಲಸಕ್ಕೆ ಹೆಸರಾದ ಮೇದಾ ಊರಿನ ಕಸ್ಸೀನಾ ಕಂಪನಿ. ಅಂಥ ಕಾರ್ಖಾನೆ ಇಲ್ಲದಿದ್ದರೆ ಪೊಂತಿಯ ಗೆರೆ ಕಾಗದದಲ್ಲೇ ಉಳಿಯುತ್ತಿತ್ತು. ಎರಡು ಇಸವಿ ಕಂಡರೆ ಒಂದು ರೂಪಿಸಿದ್ದು, ಇನ್ನೊಂದು ತಯಾರಿಕೆಗೆ ಬಂದದ್ದು. ಕಸ್ತಿಲ್ಯೋನಿ ಸೋದರರು ಟ್ರ್ಯಾಕ್ಟರ್ ಸೀಟಿನಿಂದ ಮಾಡಿದ ಮೆತ್ಸಾದ್ರೊ ಸ್ಟೂಲು 1957ರದ್ದು, ಅಂಗಡಿಗೆ ಬಂದದ್ದು 1970ರ ದಶಕದಲ್ಲಿ. (ಮೆತ್ಸಾದ್ರೊ ಎಂದರೆ ಪಾಲಿಗೆ ಗೇಯುವ ರೈತ, ನಮ್ಮ ಗೇಣಿದಾರನೇ.) ‘ರಿಯೆದಿತ್ಸಿಯೋನೆ’ ಎಂದಿದ್ದರೆ ಅದು ಹೊಸದಾಗಿ ಮಾಡಿದ್ದು, ಹಳೆಯ ಪ್ರತಿಯಲ್ಲ.

ಅದೇ ಸೋದರರ 1962ರ ಆರ್ಕೊ ದೀಪದ ಅಮೃತಶಿಲೆಯ ಬುಡದಲ್ಲೊಂದು ತೂತಿದೆ. ಅಲಂಕಾರಕ್ಕಲ್ಲ, ಪೊರಕೆಯ ಕೋಲು ತೂರಿಸಿ ಇಬ್ಬರು ಎತ್ತಲಿ ಎಂದು. ತೂಕ ಸುಮಾರು 65 ಕಿಲೊ. ಸೂರಿಗೆ ತೂತು ಕೊರೆಯದೆ ಊಟದ ಮೇಜಿನ ಮೇಲೆ ಬೆಳಕು ಬೀಳಿಸುವುದು ಅದರ ಕೆಲಸ. ಇಲ್ಲಿ ಬಾಡಿಗೆ ಮನೆ ಹಿಡಿದವರಿಗೆ ಅದರ ಬೆಲೆ ಬೇಗ ಅರ್ಥವಾಗುತ್ತದೆ.

1960ರ ದಶಕದ ಸ್ಪಾಂಜು, ಪ್ಲಾಸ್ಟಿಕ್ ವಸ್ತುಗಳು ಹಳದಿಯಾಗಿ, ಬಿರುಕು ಬಿಟ್ಟು ಕಂಡರೆ ಮ್ಯೂಸಿಯಂನವರನ್ನು ಬೈಯಬೇಡಿ. ಪಾಲಿಯುರೆಥೇನ್ ಸ್ಪಾಂಜು ಗಾಳಿಯ ತೇವಕ್ಕೂ ಬೆಳಕಿಗೂ ತಾನಾಗಿ ಪುಡಿಯಾಗುತ್ತದೆ. ಪಿವಿಸಿಯಲ್ಲಿ ಮೆದುಗೊಳಿಸಲು ಬೆರೆಸಿದ ಎಣ್ಣೆಯಂಥ ವಸ್ತು ಹೊರಬಂದು ಅಂಟಾಗುತ್ತದೆ. ಬೆಳಕು ಮಂದ ಇಡುವುದೂ ಅದಕ್ಕೇ. ಕುರ್ಚಿ ಕಂಡಲ್ಲೆಲ್ಲ ಕೂರಬೇಡಿ. ಬಾಗಿ ನೋಡುವಾಗ ಬೆನ್ನಿನ ಬ್ಯಾಗು ತಗಲುವುದೇ ದೊಡ್ಡ ಅಪಾಯ, ಅದನ್ನು ‘ಗ್ವಾರ್ದಾರೊಬಾ’, ಅಂದರೆ ಸಾಮಾನು ಇಡುವ ಕೋಣೆಯಲ್ಲಿ ಬಿಡಿ.

ಬಿಯಲೆತ್ತಿಯ 1933ರ ಮೋಕಾ ಎಂಬ ಕಾಫಿ ಪಾತ್ರೆ ನೋಡಿದ ಮೇಲೆ ಒಂದು ಕೊಳ್ಳುವ ಮನಸ್ಸಾಗುವುದು ಸಹಜ. ಬಾಬಾಬುಡನ್ ಬೀಜ ತಂದರೆನ್ನುವ ಯೆಮನ್‌ನ ಮೋಖಾ ಬಂದರಿನದೇ ಹೆಸರು ಅದಕ್ಕೆ. ನಮ್ಮ ಫಿಲ್ಟರ್‌ನಲ್ಲಿ ನೀರು ತಾನಾಗಿ ಕೆಳಗಿಳಿಯುತ್ತದೆ, ಇಲ್ಲಿ ಒತ್ತಡ ಅದನ್ನು ಮೇಲಕ್ಕೆ ತಳ್ಳುತ್ತದೆ. ಆದ್ದರಿಂದ ಪುಡಿಯನ್ನು ಒತ್ತಬೇಡಿ, ನೀರು ಕವಾಟದ ಕೆಳಗೇ ನಿಲ್ಲಲಿ. ಅಲ್ಯುಮಿನಿಯಂ ಮೋಕಾ ಇಂಡಕ್ಷನ್ ಒಲೆಯಲ್ಲಿ ಕಾಯುವುದಿಲ್ಲ. ಡಿಶ್‌ವಾಶರ್‌ಗೆ ಹಾಕಿದರೆ ಕಪ್ಪಾಗುತ್ತದೆ.

ಎಡಿಐಯನ್ನು ಇಟಾಲಿಯನ್ನರು ‘ಆದಿ’ ಎಂದೇ ಓದುತ್ತಾರೆ, ಆದರೂ ಅದನ್ನು ಕೊನೆಗಿಟ್ಟುಕೊಳ್ಳಿ. 1954ರಿಂದ ಕೊಡುತ್ತಿರುವ ಕೊಂಪಾಸ್ಸೊ ದೋರೊ ಪ್ರಶಸ್ತಿಯ ವಸ್ತುಗಳೇ ಅದರ ಸಂಗ್ರಹ, ತೆರೆದದ್ದು 2021ರಲ್ಲಿ. ಹಿಂದಿನದು ಗೊತ್ತಿಲ್ಲದೆ ಹೋದರೆ ಬಹುಮಾನಗಳ ಗೋದಾಮಿನಂತೆ ಕಾಣುತ್ತದೆ. ತ್ರಿಯೆನ್ನಾಲೆಗೆ ಹತ್ತಿರದ ಕದೋರ್ನಾ ನಿಲ್ದಾಣದಿಂದ ಹಸಿರು ಮೆಟ್ರೊದಲ್ಲಿ ಗರಿಬಾಲ್ದಿ, ಅಲ್ಲಿಂದ ನೇರಳೆ ಮೆಟ್ರೊದಲ್ಲಿ ಒಂದೇ ನಿಲ್ದಾಣ, ಮೊನುಮೆಂತಾಲೆ.

ಏಪ್ರಿಲ್‌ನ ಪೀಠೋಪಕರಣ ಮೇಳ ಸಲೋನೆ ದೆಲ್ ಮೊಬಿಲೆ ಚರಿತ್ರೆಯಲ್ಲ, ವ್ಯಾಪಾರ. ಹೋಗುವುದಾದರೆ ಸಾರ್ವಜನಿಕರನ್ನು ಬಿಡುವ ದಿನ ನೋಡಿ ಹೋಗಿ. ಮೇಳ ನಡೆಯುವ ರೋ ಫಿಯೆರಾ ನಿಲ್ದಾಣಕ್ಕೆ ಊರೊಳಗಿನ ಮಾಮೂಲಿ ಟಿಕೆಟ್ ಸಾಲುವುದಿಲ್ಲ, ಅದು ಹೊರವಲಯದ್ದು. ಬ್ಯಾಂಕ್ ಕಾರ್ಡ್ ತಾಗಿಸಿ ಹೋಗುವವರು ಹತ್ತುವಾಗ ತಾಗಿಸಿದ ಕಾರ್ಡನ್ನೇ ಇಳಿಯುವಾಗಲೂ ತಾಗಿಸಿ. ಒಂದು ಕಡೆ ಫೋನು, ಇನ್ನೊಂದು ಕಡೆ ಕಾರ್ಡು ಎಂದರೆ ಲೆಕ್ಕ ಕೂಡುವುದಿಲ್ಲ.