ಪ್ರೀ-ಪ್ರೊಡಕ್ಷನ್ ಸಭೆಗೆ ಹೊಸ ಪ್ರೊಡ್ಯೂಸರ್‌ಗಳ ಸಿದ್ಧತೆ

ಜಾಹೀರಾತು ಏಜೆನ್ಸಿಯಲ್ಲಿ ಹೊಸದಾಗಿ ಪ್ರೊಡ್ಯೂಸರ್ ಆದವರು ಪ್ರೀ-ಪ್ರೊಡಕ್ಷನ್ ಸಭೆಗೆ (ಚಿತ್ರೀಕರಣಕ್ಕೆ ಮೊದಲು ಕ್ಲೈಂಟ್ ಜೊತೆ ಎಲ್ಲವನ್ನೂ ಅಂತಿಮಗೊಳಿಸುವ ಸಭೆ) ಮುನ್ನವೇ ನಿರ್ದೇಶಕರು ಹಾಗೂ ಕ್ರಿಯೇಟಿವ್ ತಂಡದೊಂದಿಗೆ ಪ್ರತ್ಯೇಕವಾಗಿ ಕುಳಿತು, ಕ್ಲೈಂಟ್ ಒಪ್ಪಿರುವ ಸ್ಕ್ರಿಪ್ಟನ್ನೂ ಶೂಟಿಂಗ್ ಬೋರ್ಡನ್ನೂ (ಚಿತ್ರೀಕರಿಸಬೇಕಾದ ಶಾಟ್‌ಗಳನ್ನು ಕ್ರಮವಾಗಿ ತೋರಿಸುವ ರೇಖಾಚಿತ್ರಗಳು) ಒಂದೊಂದೇ ಫ್ರೇಮಿನಂತೆ ಹೋಲಿಸಿ ನೋಡಬೇಕು. ನಮ್ಮೊಳಗಿನ ಭಿನ್ನಾಭಿಪ್ರಾಯ ಕ್ಲೈಂಟ್ ಎದುರು ಹೊರಬಿದ್ದರೆ ಸಭೆಯ ಹಿಡಿತವೇ ತಪ್ಪುತ್ತದೆ. ನಟರು, ಉಡುಪು, ಲೊಕೇಶನ್‌ಗಳಿಗೆ ನಿಮ್ಮ ಶಿಫಾರಸಿನ ಜೊತೆಗೆ, ಚಿತ್ರೀಕರಣದ ದಿನ ನಿಜವಾಗಿಯೂ ಲಭ್ಯವಿರುವ ಪರ್ಯಾಯವೊಂದು ಇರಲಿ. ನನ್ನ ದೃಷ್ಟಿಯಲ್ಲಿ ಅತಿ ಮುಖ್ಯವಾದದ್ದು ಉತ್ಪನ್ನದ ಪ್ಯಾಕ್: ಅದನ್ನು ಕೈಯಲ್ಲಿ ಹಿಡಿದು, ಲೇಬಲಿನ ಪ್ರತಿ ಸಾಲನ್ನೂ ಓದಿ, ಇದೇ ಇತ್ತೀಚಿನದೆಂದು ಕ್ಲೈಂಟ್‌ನಿಂದ ಖಚಿತಪಡಿಸಿಕೊಳ್ಳಿ. 30 ಸೆಕೆಂಡಿನ ಚಿತ್ರದೊಡನೆ ಮೊಬೈಲಿಗಾಗಿ 9:16 ಅನುಪಾತದ ಲಂಬ ಆವೃತ್ತಿಯೂ ಬೇಕಿದ್ದರೆ ಫ್ರೇಮಿಂಗ್ ಬದಲಾಗುವುದರಿಂದ, ಆ ಮಾತು ಸಭೆಯಲ್ಲೇ ಇತ್ಯರ್ಥವಾಗಲಿ. ಒಪ್ಪಿಗೆಯಾದ ಅಂಶಗಳನ್ನು ಅಂದೇ ಎಲ್ಲರಿಗೂ ಇಮೇಲ್ ಮಾಡಿ, ಲಿಖಿತ ದೃಢೀಕರಣ ಪಡೆಯಿರಿ.