ಅಂಗವಿಕಲರು ಕೆಲಸ ಹುಡುಕುವ ಮೊದಲು ಇದನ್ನು ನೋಡಿ

ಹಾಸನ, ಬೇಲೂರು, ಅರಸೀಕೆರೆ ಕಡೆಯವರೆಲ್ಲಾ ಗಮನಿಸಿ. ಮೊದಲು ಯುಡಿಐಡಿ ಕಾರ್ಡ್, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ, ಮಾಡಿಸಿಕೊಳ್ಳಿ. ಸ್ವಾವಲಂಬನ್ ಕಾರ್ಡ್ ಅಂತ ಹುಡುಕಿದರೆ ಸರ್ಕಾರದ ವೆಬ್‌ಸೈಟ್ ಸಿಗುತ್ತದೆ, ಅರ್ಜಿಗೆ ಶುಲ್ಕ ಇಲ್ಲ, ಯಾರಾದರೂ ಕಾರ್ಡ್ ಮಾಡಿಸಿಕೊಡುತ್ತೇನೆ ಅಂತ ಸಾವಿರಗಟ್ಟಲೆ ಕೇಳಿದರೆ ದಯವಿಟ್ಟು ಕೊಡಬೇಡಿ. ಹೆಸರು ಆಧಾರ್‌ನಲ್ಲಿ ಇರುವ ಹಾಗೇ ತುಂಬಿ. ನನ್ನ ತಮ್ಮನ ಅರ್ಜಿಯಲ್ಲಿ ಇನಿಷಿಯಲ್ ಹಿಂದೆಮುಂದೆ ಆಗಿ ಎರಡು ತಿಂಗಳು ಸುಮ್ನೆ ಹೋಯಿತು, ಅವನ ಮುಖ ನೋಡಲಾಗುತ್ತಿರಲಿಲ್ಲ.

ವೈಕಲ್ಯ ಶೇ 40 ಅಥವಾ ಜಾಸ್ತಿ ಇದ್ದರೆ 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಂತೆ ಸರ್ಕಾರಿ ಕೆಲಸದಲ್ಲಿ ಕನಿಷ್ಠ ಶೇ 4 ಮೀಸಲಾತಿ ಇದೆ. ಅದು ನಿಮ್ಮ ಹಕ್ಕು, ಯಾರ ಉಪಕಾರವೂ ಅಲ್ಲ.

ಖಾಸಗಿ ಕೆಲಸಕ್ಕೆ ಕೇಂದ್ರ ಸರ್ಕಾರದ ಉದ್ಯೋಗ ವೆಬ್‌ಸೈಟ್ ಆದ ಎನ್‌ಸಿಎಸ್ ಪೋರ್ಟಲ್‌ನಲ್ಲಿ ಹೆಸರು ನೋಂದಾಯಿಸಿ, ಇದೂ ಉಚಿತ. ಬೆಂಗಳೂರಿನ ಎನೇಬಲ್ ಇಂಡಿಯಾ ಮತ್ತು ಸಮರ್ಥನಂ ಸಂಸ್ಥೆಗಳ ವೆಬ್‌ಸೈಟನ್ನೂ ನೋಡಿ, ತರಬೇತಿ ಕೊಟ್ಟು ಕೆಲಸಕ್ಕೂ ಸೇರಿಸುತ್ತಾರೆ. ಕಣ್ಣು ಕಾಣದವರು ಕಂಪ್ಯೂಟರ್‌ಗೆ ಪರದೆ ಮೇಲಿರುವುದನ್ನು ಓದಿ ಹೇಳುವ ಎನ್‌ವಿಡಿಎ ಸಾಫ್ಟ್‌ವೇರ್ ಹಾಕಿಸಿಕೊಳ್ಳಿ, ಕನ್ನಡವನ್ನೂ ಓದಿ ಹೇಳುತ್ತದೆ, ದುಡ್ಡು ಬೇಡ.

ಮೊಬೈಲ್ ಗೊತ್ತಾಗದ ಅಪ್ಪ ಅಮ್ಮಂದಿರು ಇರುತ್ತಾರೆ ಅಲ್ವಾ, ಅವರು ಗ್ರಾಮ ಪಂಚಾಯಿತಿಯಲ್ಲಿ ವಿಆರ್‌ಡಬ್ಲ್ಯೂ ಯಾರು ಅಂತ ವಿಚಾರಿಸಲಿ. ಅಂಗವಿಕಲರಿಗೆ ನೆರವಾಗಲೆಂದೇ ಇರುವ ಕಾರ್ಯಕರ್ತರು ಅವರು. ಫಾರಂ ತುಂಬುವಾಗ ಎಲ್ಲಾದರೂ ತೊಡಕಾದರೆ ಇಲ್ಲೇ ಕೇಳಿ, ಸಂಜೆ ಉತ್ತರಿಸುತ್ತೇನೆ.